ಪೀಣ್ಯದಲ್ಲಿ ಮಾಡಿಸಿದ ವಿಂಗ್ ಸ್ಟ್ಯಾಂಡ್: ಎರಡು ಮಳೆಗಾಲ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ವೆಲ್ಡಿಂಗ್‌ನಲ್ಲಿ ಹೋಯಿತು. ಬೆಂಗಳೂರಿನಲ್ಲಿ ಕಿಟ್ ವಿಮಾನ, ಅಂದರೆ ಬಿಡಿಭಾಗ ತರಿಸಿ ನಾವೇ ಜೋಡಿಸುವ ವಿಮಾನ, ಕಟ್ಟಲು ಹೊರಟವರು ರೆಕ್ಕೆ ಜೋಡಿಸುವಾಗ ಹಿಡಿದು ನಿಲ್ಲಿಸುವ ಸ್ಟ್ಯಾಂಡನ್ನು ಮರದಲ್ಲಿ ಮಾಡಿಸಬೇಡಿ. ಎಂಎಸ್ (ಸಾದಾ ಉಕ್ಕಿನ) ಸ್ಕ್ವೇರ್ ಪೈಪ್‌ನಲ್ಲಿ ಮಾಡಿಸಿ, ಆದರೆ ಮಾಡುವಾಗ ಎದುರಿಗೇ ನಿಂತಿರಿ. ಇಷ್ಟು ಸಾಕು ಅನ್ನೋರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ ವಿವರ. ನಮ್ಮದು ಇಬ್ಬರು ಕೂರುವ ಪುಟ್ಟ ವಿಮಾನ, ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್. ಹೆಸರಘಟ್ಟ ರಸ್ತೆಯಲ್ಲಿ ಸ್ನೇಹಿತನ ಶೆಡ್ಡು, ಮೇಲೆ ತಗಡು, ಕೆಳಗೆ ಸಿಮೆಂಟ್ ನೆಲ. ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಸ್ಟ್ಯಾಂಡ್ ಬಗ್ಗೆ ಸಿಗುವ ಸಲಹೆಯೆಲ್ಲ ಅಮೆರಿಕದ ಗ್ಯಾರೇಜ್ ನೋಡಿ ಕೊಟ್ಟಿದ್ದು. ನಮ್ಮ ಹವೆ ಬೇರೆ, ನಮ್ಮ ಅಂಗಡಿಗಳಲ್ಲಿ ಸಿಗೋ ಸಾಮಾನೂ ಬೇರೆ.

ಸ್ಟ್ಯಾಂಡ್ ಅಂದರೆ ದೊಡ್ಡ ವಿಷಯವೇನಲ್ಲ. ಎರಡು ಕಂಬ, ನಡುವೆ ಒಂದು ರೆಕ್ಕೆಯಷ್ಟು ಅಂತರ, ನಮ್ಮ ಲೆಕ್ಕದಲ್ಲಿ ಹನ್ನೆರಡು ಅಡಿ ಹತ್ತಿರ. ಪ್ರತಿ ಕಂಬಕ್ಕೂ ಎರಡು ಕಡೆ ಚಾಚಿದ ತೋಳು. ಮೇನ್ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ತೋಳುಗಳ ಮೇಲೆ ಅಡ್ಡಲಾಗಿ ಕೂರುತ್ತದೆ, ರೆಕ್ಕೆಗೆ ಆಕಾರ ಕೊಡುವ ರಿಬ್‌ಗಳು ಅದರಿಂದ ಕೆಳಗೆ ಇಳಿಬಿದ್ದಿರುತ್ತವೆ, ಅವುಗಳ ತುದಿಗೆ ರಿಯರ್ ಸ್ಪಾರ್, ಅಂದರೆ ಹಿಂದಿನ ತೊಲೆ. ಅಂದರೆ ರೆಕ್ಕೆ ಮೂಗು ಮೇಲೆ ಮಾಡಿಕೊಂಡು ನಿಂತಿರುತ್ತದೆ. ಒಂದು ಕಡೆ ಎಡ ರೆಕ್ಕೆ, ಇನ್ನೊಂದು ಕಡೆ ಬಲ ರೆಕ್ಕೆ. ನಡುವೆ ಒಬ್ಬರು ನುಸುಳಿ ಬಕಿಂಗ್ ಬಾರ್ (ರಿವೆಟ್ ಹೊಡೆಯುವಾಗ ಹಿಂದಿನಿಂದ ಒತ್ತಿ ಹಿಡಿಯುವ ಕಬ್ಬಿಣದ ತುಂಡು) ಹಿಡಿಯುವಷ್ಟು ಜಾಗ ಬೇಕೇ ಬೇಕು, ಹಾಗಾಗಿ ತೋಳು ಗಿಡ್ಡ ಮಾಡಿಸಬೇಡಿ.

ಈಗಿನ ಕಿಟ್‌ಗಳಲ್ಲಿ ತೂತುಗಳನ್ನೆಲ್ಲ ಫ್ಯಾಕ್ಟರಿಯಲ್ಲೇ ಹೊಡೆದು ಕಳಿಸುತ್ತಾರೆ. ತೂತಿಗೆ ತೂತು ಕೂಡಿದರೆ ಆಕಾರ ತಾನಾಗಿ ಬರುತ್ತದೆ, ಮತ್ತೆ ಸ್ಟ್ಯಾಂಡ್ ಯಾಕೆ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಸ್ಕಿನ್ (ಮೇಲೆ ಹೊದಿಸುವ ಅಲ್ಯೂಮಿನಿಯಂ ಹಾಳೆ) ಹಾಕುವವರೆಗೆ ಆ ಬರೀ ಮೂಳೆಗೂಡು ಬಹಳ ಮೆತ್ತಗೆ, ಒಂದು ತುದಿ ಹಿಡಿದು ತಿರುಚಿದರೆ ಸುಮ್ನೆ ತಿರುಚಿಕೊಳ್ಳುತ್ತದೆ. ಸ್ಕಿನ್ ರಿವೆಟ್ ಆದ ಮೇಲೆ ಅದೇ ಮುಚ್ಚಿದ ಪೆಟ್ಟಿಗೆಯಾಗಿ ಬಿಗಿದುಕೊಳ್ಳುತ್ತದೆ. ಆ ಹೊತ್ತಿಗೆ ಒಳಗೆ ಎಷ್ಟು ತಿರುಚು ಇತ್ತೋ ಅಷ್ಟು ಕಾಯಂ, ಆಮೇಲೆ ವಿಮಾನ ಹಾರುವಾಗ ಒಂದು ಕಡೆಗೆ ವಾಲುತ್ತಲೇ ಇರುತ್ತದೆ. ಹಾಗಾಗಿ ಸ್ಟ್ಯಾಂಡ್‌ನಿಂದ ನಮಗೆ ಬೇಕಾದ್ದು ಒಂದೇ: ಅಲುಗಬಾರದು. ಇವತ್ತು ಎಲ್ಲಿ ಇದೆಯೋ ಮುಂದಿನ ದಸರಾಕ್ಕೂ ಅಲ್ಲೇ ಇರಬೇಕು.

ಈಗ ಮರದ ವಿಚಾರ. ಅಮೆರಿಕದಲ್ಲಿ ಕಟ್ಟುವವರು ಬಹುತೇಕ 4×4 ಇಂಚಿನ ಮರದ ಕಂಬ ಬಳಸುತ್ತಾರೆ. ಅಲ್ಲಿ ಒಣಗಿಸಿದ ಮರ ಅಗ್ಗಕ್ಕೆ ಸಿಗುತ್ತದೆ. ನಾವೂ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋಗಿ ವಿಚಾರಿಸಿದೆವು. ತೇಗದ ರೇಟ್ ಕೇಳಿ ಟೀ ಕುಡಿದು ವಾಪಸ್. ನೀಲಗಿರಿ ಕೈಗೆಟಕುತ್ತದೆ, ಆದರೆ ಒಣಗುತ್ತಾ ಸೀಳುತ್ತದೆ, ತಿರುಚುತ್ತದೆ. ಮೋಲ್ಡ್ ಹಾಕುವಾಗ ಸಾರ್ವೆಗೆ ಸರಿ, ಇದಕ್ಕಲ್ಲ. ಒಳ್ಳೆ ಮರವೇ ಸಿಕ್ಕಿತು ಅಂದುಕೊಳ್ಳಿ. ಏಪ್ರಿಲ್‌ನ ಒಣ ಬಿಸಿಲಿಗೆ ಕುಗ್ಗಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಕುಡಿದು ಹಿಗ್ಗಿದರೆ ಬಿಗಿದ ಬೋಲ್ಟ್ ಬಿಗಿಯಾಗೇ ಇರುತ್ತದಾ? ಪರಿಚಯದವರೊಬ್ಬರು ಮರದಲ್ಲಿ ಮಾಡಿದ್ದರು, ಮಳೆ ಶುರುವಾದಾಗಲೆಲ್ಲ ಅಳತೆ ಮತ್ತೆ ಮೊದಲಿಂದ. ಬೇಕಾ ಈ ಕಷ್ಟ?

ಅದೇ ವೆಲ್ಡರ್ ನಮ್ಮಲ್ಲಿ ಬೀದಿಗೊಬ್ಬ. 75×75 ಮಿ.ಮೀ., 3 ಮಿ.ಮೀ. ದಪ್ಪದ ಪೈಪ್ ಮೀಟರಿಗೆ ಸುಮಾರು 6.8 ಕೆಜಿ ತೂಗುತ್ತದೆ. 6 ಮೀಟರ್‌ನ ಒಂದು ಲೆಂಗ್ತ್ ತಂದರೆ ಎರಡು ಕಂಬ ಬಂದು ತೋಳಿಗೂ ಉಳಿಯುತ್ತದೆ. ಕಬ್ಬಿಣ, ಕೂಲಿ ಎರಡೂ ಕೆಜಿ ಲೆಕ್ಕ. ರೇಟ್ ಇಲ್ಲಿ ಬರೆಯಲ್ಲ, ನೀವು ಓದುವಷ್ಟರಲ್ಲಿ ಬದಲಾಗಿರುತ್ತದೆ. ಆದರೆ ಬೇಸ್ ಪ್ಲೇಟ್, ಆಂಕರ್ ಬೋಲ್ಟ್, ಪೇಂಟ್ ಎಲ್ಲ ಸೇರಿಸಿದರೂ ಹೊರಗಿಂದ ತರಿಸುವ, ಗಾಳಿಯ ಒತ್ತಡದಲ್ಲಿ ರಿವೆಟ್ ಅದುಮುವ ಒಂದು ಒಳ್ಳೆ ನ್ಯೂಮ್ಯಾಟಿಕ್ ಸ್ಕ್ವೀಜರ್‌ಗಿಂತ ಎಷ್ಟೋ ಕಡಿಮೆ ಆಯಿತು.

ಪೀಣ್ಯದ ಶಾಪ್‌ನ ಹೆಸರು ಹೇಳಲ್ಲ. ಡ್ರಾಯಿಂಗ್ ನೋಡಿ "ಜಿಮ್ ಸಾಮಾನಾ ಸಾರ್?" ಅಂದರು. 1951ರಲ್ಲೇ ಎಚ್‌ಎಎಲ್ ತನ್ನ ತರಬೇತಿ ವಿಮಾನ ಎಚ್‌ಟಿ-2 ಹಾರಿಸಿದ ಊರು ಇದು! ಇರಲಿ. ಕಟಿಂಗ್ ಚೆನ್ನಾಗಿತ್ತು, ತೂತುಗಳು ಸರಿಯಾಗಿದ್ದವು. ಕೆಟ್ಟಿದ್ದು ಬೇಸ್ ಪ್ಲೇಟ್‌ನಲ್ಲಿ. ನಾಲ್ಕೂ ಕಡೆ ಮೊದಲು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಎದುರುಬದುರು ಮುಖಗಳಿಗೆ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿ ಅಂತ ಹೇಳಿ ಬಂದಿದ್ದೆವು. ನಾವು ಅತ್ತ ಹೋಗುತ್ತಲೇ ಒಂದು ಮುಖದಿಂದ ಶುರು ಮಾಡಿ ಒಂದೇ ಉಸಿರಿಗೆ ಸುತ್ತಿಬಿಟ್ಟಿದ್ದಾರೆ. ವೆಲ್ಡ್ ತಣ್ಣಗಾಗುವಾಗ ಎಳೆಯುತ್ತದೆ, ಅಲ್ವಾ? ಒಂದು ಕಂಬ ಮೇಲ್ತುದಿಯಲ್ಲಿ ಎರಡು ನೂಲು ವಾಲಿತ್ತು, ಪ್ಲೇಟಿನ ಅಂಚೂ ಎದ್ದು ನೆಲದ ಮೇಲಿಟ್ಟರೆ ಕುಣಿಯುತ್ತಿತ್ತು. "ಎರಡು ನೂಲು ಅಷ್ಟೇ ಸಾರ್, ಕಣ್ಣಿಗೆ ಕಾಣಲ್ಲ ಬಿಡಿ" ಅಂದರು. ಗೇಟಿಗಾದರೆ ಬಿಡಬಹುದು. ಎರಡು ನೂಲು ಅಂದರೆ 6 ಮಿ.ಮೀ., ನಾವು ಇಲ್ಲಿ ಒಂದು ಮಿಲಿಮೀಟರಿಗೆ ತಲೆ ಕೆಡಿಸಿಕೊಳ್ಳುವವರು. ಬಿಚ್ಚಿ ಮತ್ತೆ ಮಾಡಿಕೊಡಿ ಅಂದರೆ ಮತ್ತೆ ಕೂಲಿ ಕೇಳಿದರು. ಆ ಸ್ಟಾರ್ ಹೋಗಿದ್ದು ಅಲ್ಲೇ.

ನಮ್ಮನ್ನು ಉಳಿಸಿದ್ದು ಡ್ರಾಯಿಂಗ್‌ನಲ್ಲಿದ್ದ ಲೆವೆಲಿಂಗ್ ಬೋಲ್ಟ್. ಶೆಡ್ಡಿಗೆ ಆಗಾಗ ಬರುವ ಎಚ್‌ಎಎಲ್ ರಿಟೈರ್ಡ್ ಹಿರಿಯರೊಬ್ಬರು ಮೊದಲೇ ಹೇಳಿ ಹಾಕಿಸಿದ್ದರು. "ಪೇಂಟ್ ಆಮೇಲೆ ನೋಡ್ಕೊಳ್ಳಪ್ಪಾ, ಮೊದಲು ಪಾದ ನೋಡು." ಪ್ರತಿ ಪ್ಲೇಟಿನ ನಾಲ್ಕು ಮೂಲೆಗೂ ನಟ್ ವೆಲ್ಡ್ ಮಾಡಿಸಿ, ಅದರೊಳಗೆ ಒಂದೊಂದು ಬೋಲ್ಟ್. ಅವನ್ನು ತಿರುಗಿಸಿ ಕಂಬವನ್ನು ತೂಗುಗುಂಡಿನ ನೇರಕ್ಕೆ ತಂದು, ಪ್ಲೇಟಿನ ಕೆಳಗಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ, ಅದು ಗಟ್ಟಿಯಾದ ಮೇಲೆ ಆಂಕರ್ ಬಿಗಿದೆವು. ಅಲ್ಲಿಂದ ಇಲ್ಲಿಯವರೆಗೆ ಕಂಬ ಕದಲಿಲ್ಲ. ಈ ಒಂದು ಕೆಲಸಕ್ಕೆ ಹಿಂದೆಮುಂದೆ ನೋಡಬೇಡಿ.

ಅಳತೆಗೆ ಲೇಸರ್ ಬೇಕಾ ಅಂತ ಕೇಳುತ್ತಾರೆ. ಬೇಡ. ಗಾರೆ ಮೇಸ್ತ್ರಿಗಳ ತೂಗುಗುಂಡು ಸಾಕು. ಮೇನ್ ಸ್ಪಾರ್‌ನ ಎರಡು ತುದಿಗೂ ಒಂದೊಂದು ಗುಂಡು ಇಳಿಬಿಡಿ, ದಾರ ರಿಯರ್ ಸ್ಪಾರ್‌ನ ಪಕ್ಕದಲ್ಲಿ ಅದಕ್ಕೆ ತಾಗದ ಹಾಗೆ ಇಳಿಯಬೇಕು. ಗುಂಡು ಒಂದೇ ಸಮ ತೂಗಾಡುತ್ತದೆ, ಅದಕ್ಕೆ ಹಳೇ ಎಂಜಿನ್ ಆಯಿಲ್ ಇರುವ ಡಬ್ಬಿಯೊಳಗೆ ಮುಳುಗಿಸಿಡಿ. ಫ್ಯಾನ್ ಆಫ್ ಮಾಡಿ, ಶಟರ್ ಎಳೆಯಿರಿ. ದಾರ ಪೂರ್ತಿ ನಿಂತ ಮೇಲೆ ಸ್ಟೀಲ್ ಸ್ಕೇಲ್ ಹಿಡಿದು ದಾರದಿಂದ ರಿಯರ್ ಸ್ಪಾರ್‌ಗೆ ಎಷ್ಟಿದೆ ನೋಡಿ. ಎರಡೂ ತುದಿಯಲ್ಲಿ ಅದೇ ಅಂಕಿ ಬಂದರೆ ತಿರುಚಿಲ್ಲ. ಸ್ಕೇಲ್ ದಾರಕ್ಕೆ ತಾಗಿದರೆ ದಾರ ಸರಿಯುತ್ತದೆ, ಹಾಗಾಗಿ ಹಿಂದೆ ಬಿಳಿ ಕಾಗದ ಹಿಡಿದು ಒಂದು ಕಣ್ಣು ಮುಚ್ಚಿ ಓದಬೇಕು. ಸ್ಪಾರ್ ನಡುವೆ ಜೋತುಬಿದ್ದಿದೆಯಾ ಅಂತ ನೋಡಲು ತುದಿಯಿಂದ ತುದಿಗೆ ಮೀನು ಗಾಳದ ದಾರ ಬಿಗಿದು ಕಟ್ಟಿ, ಮಧ್ಯದಲ್ಲಿ ಒಂದು ಸಣ್ಣ ಸ್ಕ್ರೂ ಜ್ಯಾಕ್ ಕೊಟ್ಟು ಎತ್ತಿ.

ಎಲ್ಲಕ್ಕಿಂತ ಮುಖ್ಯ, ಅಳತೆ ಬೆಳಗ್ಗೆಯೇ ತೆಗೆಯಿರಿ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಕೇಳೋಕೆ ಏನೂ ಅಲ್ಲ. ಆದರೆ ಸ್ಪಾರ್ 3.6 ಮೀಟರ್, ತಗಡಿನ ಶೆಡ್ಡಿನಲ್ಲಿ ಬೆಳಗಿನಿಂದ ಮಧ್ಯಾಹ್ನಕ್ಕೆ 15 ಡಿಗ್ರಿ ಏರಿದರೆ 1.2 ಮಿ.ಮೀ. ಉದ್ದವಾಯಿತು. ಕಂಬ ಊರಿರುವ ಕಾಂಕ್ರೀಟ್ ನೆಲ ಅಷ್ಟು ಬೇಗ ಬಿಸಿಯೂ ಆಗಲ್ಲ, ಅಷ್ಟು ಹಿಗ್ಗೋದೂ ಇಲ್ಲ. ಎರಡೂ ತುದಿ ಬಿಗಿದು ಕಟ್ಟಿದ್ದರೆ ಸ್ಪಾರ್ ಎಲ್ಲಿಗೆ ಹೋಗಬೇಕು? ಬಾಗುತ್ತದೆ, ಇಲ್ಲ ಕಂಬವನ್ನು ತಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ತುದಿಯ ಬ್ರ್ಯಾಕೆಟ್‌ಗೆ ದುಂಡು ತೂತು, ಇನ್ನೊಂದಕ್ಕೆ ಉದ್ದ ಸ್ಲಾಟ್. ಸ್ಲಾಟಿನ ಕಡೆ ನಟ್ಟನ್ನು ಜಾರುವಷ್ಟು ಸಡಿಲ ಬಿಟ್ಟು ತಾನಾಗಿ ಬಿಚ್ಚಿಕೊಳ್ಳದ ನೈಲಾಕ್ ನಟ್ ಹಾಕಿದ್ದೇವೆ. ಮೇ ತಿಂಗಳ ಮಧ್ಯಾಹ್ನ ಪೆನ್ಸಿಲ್ ಗುರುತು ಹಾಕಿ ನೋಡಿದರೆ ಅದು ಸರಿದಿರುವುದು ಬರಿಗಣ್ಣಿಗೇ ಕಾಣುತ್ತದೆ.

ಎತ್ತರದ ಮಾತು. ತೋಳನ್ನು ಕಂಬಕ್ಕೆ ವೆಲ್ಡ್ ಮಾಡಿಸಲಿಲ್ಲ, ಬೋಲ್ಟ್. ಕಂಬದಲ್ಲಿ ನಾಲ್ಕಿಂಚಿಗೊಂದು ತೂತು. ರಿವೆಟ್ ಗನ್ ನನ್ನ ಕೈಲಿ, ಬಕಿಂಗ್ ಬಾರ್ ತಂಗಿ ಕೈಲಿ, ನಮ್ಮಿಬ್ಬರ ಎತ್ತರಕ್ಕೂ ಅರ್ಧ ಅಡಿಗಿಂತ ಜಾಸ್ತಿ ವ್ಯತ್ಯಾಸ. "ಅಣ್ಣಾ, ಒಂದು ತೂತು ಇಳಿಸು, ಭುಜ ಬಿದ್ದೋಯ್ತು" ಅಂದರೆ ಇಳಿಸುವುದೇ. ಬಾರ್ ಹಿಡಿಯುವವರ ಕೈ ಸೋತರೆ ರಿವೆಟ್ ವಾಲುತ್ತದೆ, ಆಮೇಲೆ ಅದನ್ನು ಕೊರೆದು ತೆಗೆಯೋದು ಯಾರು? ಒಂದೇ ತಾಪತ್ರಯ, ಎತ್ತರ ಬದಲಿಸಿದಾಗಲೆಲ್ಲ ಗುಂಡು ಬಿಟ್ಟು ಮತ್ತೆ ನೋಡಬೇಕು.

ಶಬ್ದ ನಾವು ಯೋಚಿಸದೇ ಇದ್ದ ವಿಷಯ. ಟೊಳ್ಳು ಪೈಪ್, ಮೇಲೆ ರಿವೆಟ್ ಗನ್: ಗುಡಿಯ ಗಂಟೆ ಹೊಡೆದ ಹಾಗೆ. ಪಕ್ಕದ ಮನೆಯ ಅಜ್ಜಿ ಬಂದು "ಏನಪ್ಪಾ ಮಾಡ್ತಿದೀರಿ ಒಳಗೆ?" ಅಂತ ಕೇಳಿದ ಮೇಲೆ ಒಣಗಿಸಿದ ಎಂ-ಸ್ಯಾಂಡ್ ಅನ್ನು ಕಂಬದೊಳಗೆ ಕಂಠಮಟ್ಟ ತುಂಬಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಹೊಡೆದೆವು. ನಾದ ಹೋಯಿತು. ನಡುಕವೂ ಕಡಿಮೆಯಾಗಿ ರಿವೆಟ್ ಇನ್ನೂ ಚೆನ್ನಾಗಿ ಕೂರುತ್ತಿದೆ ಅಂತ ನನಗನ್ನಿಸುತ್ತದೆ. ಮರಳು ಒದ್ದೆ ಇದ್ದರೆ ಮಾತ್ರ ಕಂಬ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಿಸಿಲಿಗೆ ಹರವಿ ಒಣಗಿಸಿಯೇ ತುಂಬಿ.

ತುಕ್ಕು ಅಂದ ಮೇಲೆ. ರೆಡ್ ಆಕ್ಸೈಡ್, ಅದರ ಮೇಲೆ ಎನಾಮೆಲ್ ಎರಡು ಕೋಟ್. ಕಂಬ ಇವತ್ತಿಗೂ ಹೊಸದರ ಹಾಗಿದೆ. ಕ್ಲಾಂಪ್ ಕಚ್ಚಿದ ಕಡೆಗಳಲ್ಲಿ ಬಣ್ಣ ಎದ್ದು ಕೆಂಪಾಗಿದೆ, ವರ್ಷಕ್ಕೊಮ್ಮೆ ಉಜ್ಜಿ ಬಳಿದರೆ ಆಯಿತು. ಅಲ್ಯೂಮಿನಿಯಂ ನೇರವಾಗಿ ಕಬ್ಬಿಣಕ್ಕೆ ತಾಗಬಾರದು, ತೇವ ಇದ್ದರೆ ಸವೆಯುವುದು ಅಲ್ಯೂಮಿನಿಯಂ. ತೋಳಿನ ಮೇಲೆ 5 ಮಿ.ಮೀ. ನೈಲಾನ್ ಪಟ್ಟಿ ಹಾಕಿದ್ದೇವೆ. ಎಲ್ಲರೂ ಕಾರ್ಪೆಟ್ ತುಂಡು ಅಂಟಿಸಿ ಅನ್ನುತ್ತಾರೆ, ನಾನು ಬೇಡ ಅನ್ನುತ್ತೇನೆ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಜೊತೆಗೆ ಡ್ರಿಲ್ ಮಾಡಿದ ಚೂರೆಲ್ಲ ಅದರಲ್ಲಿ ಸಿಕ್ಕಿಹಾಕಿಕೊಂಡು ಸ್ಕಿನ್ ಗೀರುತ್ತದೆ. ಸ್ಕಿನ್‌ಗೆ ಬಳಸುವ 2024-ಟಿ3 ಅಲ್ಯೂಮಿನಿಯಂ ಮಿಶ್ರಲೋಹದ ಶೀಟಿನ ಮೇಲಿರುವ ಶುದ್ಧ ಅಲ್ಯೂಮಿನಿಯಂ ಪದರ ಬಹಳ ತೆಳು, ತುಕ್ಕು ತಡೆಯುವುದೂ ಅದೇ. ಗೀರು ಆಳವಾದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು.

ಮುಗಿದ ರೆಕ್ಕೆ ಇಡುವ ತೊಟ್ಟಿಲಿಗೆ ಮಾತ್ರ ಮರ ಒಪ್ಪುತ್ತೇನೆ. ಕಿಟ್ ಬಂದ ಕ್ರೇಟಿನ ಮರವನ್ನೇ ಬಳಸಿದೆವು. ಹೊರದೇಶದಿಂದ ಬರುವ ಪ್ಯಾಕಿಂಗ್ ಮರದ ಮೇಲೆ ಎಚ್‌ಟಿ (ಹೀಟ್ ಟ್ರೀಟೆಡ್) ಅಂತ ಸೀಲ್ ಇರುತ್ತದೆ, ಅಂದರೆ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿದೆ, ಜೀವಂತ ಹುಳ ಇರಲ್ಲ. ರೆಕ್ಕೆಯ ಮೂಗು ಕೆಳಗೆ ಮಾಡಿ ಕೂರುವ ಹಾಗೆ ಪ್ಲೈವುಡ್ ಕತ್ತರಿಸಿ, ಹಳೇ ಯೋಗಾ ಮ್ಯಾಟ್ ಅಂಟಿಸಿ, ಎಸ್.ಪಿ. ರೋಡ್‌ನಿಂದ ತಂದ ಬ್ರೇಕ್ ಇರುವ ಚಕ್ರ ಹಾಕಿದೆವು. ಇದು ಪಾಸ್ ಅಷ್ಟೇ. ಚಕ್ರಕ್ಕೆ ಚೂರು ಹೊಕ್ಕು ಆಗಾಗ ಹಿಡಿದುಕೊಳ್ಳುತ್ತದೆ.

ಗಿರಗಿರ ತಿರುಗಿಸುವ ಸ್ಟ್ಯಾಂಡ್ ಯಾಕೆ ಮಾಡಿಸಲಿಲ್ಲ ಅಂತ ಕೇಳುವವರಿಗೆ: ತಿರುಗುವುದಕ್ಕೆ ಬೇರಿಂಗ್ ಬೇಕು, ಬೇರಿಂಗ್ ಇದ್ದರೆ ಆಟ ಇರುತ್ತದೆ. ಅಲುಗಬಾರದು ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ದುಡ್ಡು ಪಾದಕ್ಕೆ ಹಾಕಿ.

ಕಂಬ ಊರುವ ಮುಂಚೆ ಇನ್ನೊಂದು ನೋಡಿ, ಬಾಗಿಲು. ಮುಂಬೈನ ಅಮೋಲ್ ಯಾದವ್ ಮನೆಯ ಟೆರೇಸ್ ಮೇಲೆ ವಿಮಾನ ಕಟ್ಟಿದರು, 2017ರಲ್ಲಿ ಅದಕ್ಕೆ ನೋಂದಣಿಯೂ ಸಿಕ್ಕಿತು. ಅವರ ಧೈರ್ಯ ನಮಗಿಲ್ಲ. ತೊಟ್ಟಿಲ ಮೇಲಿನ ರೆಕ್ಕೆ ತಿರುಗಿ ಹೊರಗೆ ಹೋಗುತ್ತದಾ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿಯೇ ಆಂಕರ್‌ಗೆ ತೂತು ಹೊಡೆದೆವು.

ಎಡ ರೆಕ್ಕೆ ಇಳಿದು ತೊಟ್ಟಿಲು ಸೇರಿದೆ. ಬಲ ರೆಕ್ಕೆಯ ಬಾಟಮ್ ಸ್ಕಿನ್ ಬಾಕಿ. ಅದು ಮುಗಿದರೆ ಸ್ಟ್ಯಾಂಡ್ ಖಾಲಿ. ಜಕ್ಕೂರು, ಯಲಹಂಕ ಕಡೆ ಯಾರಾದರೂ ಇಂಥದ್ದೇ ಕಿಟ್ ಶುರು ಮಾಡುತ್ತಿದ್ದರೆ ಕಬ್ಬಿಣದ ತೂಕದ ರೇಟಿಗೆ ಕೊಡುತ್ತೇನೆ. ಆಂಕರ್ ಕಿತ್ತುಕೊಂಡು ಹೋಗುವುದು, ಒಳಗಿನ ಮರಳು ಖಾಲಿ ಮಾಡುವುದು ನಿಮ್ಮ ಕೆಲಸ. ತೂಕ ಹಾಕುವುದು ಮರಳು ತೆಗೆದ ಮೇಲೆಯೇ, ಹೆದರಬೇಡಿ.