ಮ್ಯಾನೇಜರ್‌ಗಳಿಗೆ ರಿಸ್ಕ್ ಅಸೆಸ್‌ಮೆಂಟ್ ತರಬೇತಿ: ಮೂರು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ನಾನು ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವ ಮ್ಯಾನೇಜರ್. ಮೂರು ವರ್ಷದ ಹಿಂದೆ ನಮ್ಮಲ್ಲಿ ಎಂಟು ಜನರನ್ನು ರಿಸ್ಕ್ ಅಸೆಸ್‌ಮೆಂಟ್, ಅಂದರೆ ಕೆಲಸದ ಜಾಗದ ಅಪಾಯಗಳನ್ನು ಗುರುತಿಸಿ ಅಳೆಯುವುದನ್ನು ಕಲಿಸುವ ಮೂರು ದಿನದ ಸುರಕ್ಷತಾ ತರಬೇತಿಗೆ ಕಳಿಸಿದರು. ಕೋರ್ಸ್ ಮುಗಿದ ವಾರವೇ ಉಳಿದವರೆಲ್ಲ ಐದು ಸ್ಟಾರ್ ಕೊಟ್ಟರು. ನಾನು ಆಗ ಏನೂ ಬರೆಯಲಿಲ್ಲ. ಕೆಲಸದ ಜಾಗದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ನೋಡದೆ ಸ್ಟಾರ್ ಕೊಡೋದು ಹೇಗೆ? ಈಗ ನೋಡಿದ್ದೇನೆ, ಬರೆಯುತ್ತಿದ್ದೇನೆ.

ಮೊದಲ ದಿನ ಬೆಳಿಗ್ಗೆಯೇ ಒಂದು ಗೊಂದಲ ಬಿಡಿಸಿದರು. ನಾವು ಎಲ್ಲದಕ್ಕೂ ‘ಅಪಾಯ’ ಅಂತ ಒಂದೇ ಪದ ಬಳಸುತ್ತೇವೆ, ಅಲ್ವಾ? ನೆಲದ ಮೇಲೆ ಚೆಲ್ಲಿದ ಎಣ್ಣೆ ಹಜಾರ್ಡ್. ಅದರ ಮೇಲೆ ಯಾರಾದರೂ ಜಾರುವ ಸಾಧ್ಯತೆ ಎಷ್ಟು, ಜಾರಿದರೆ ಪೆಟ್ಟು ಎಷ್ಟು ದೊಡ್ಡದು, ಇವೆರಡೂ ಸೇರಿದರೆ ರಿಸ್ಕ್. ಯಾರೂ ಹೋಗದ ಮೂಲೆಯಲ್ಲಿ ಚೆಲ್ಲಿದ್ದೂ ಅದೇ ಎಣ್ಣೆ, ಮೆಟ್ಟಿಲ ಬುಡದಲ್ಲಿ ಚೆಲ್ಲಿದ್ದೂ ಅದೇ ಎಣ್ಣೆ, ಆದರೆ ಮೊದಲು ಓಡಬೇಕಾದದ್ದು ಮೆಟ್ಟಿಲ ಕಡೆಗೆ. ಇಷ್ಟು ಸರಳ ವಿಷಯ, ಆದರೆ ಇದು ತಲೆಗೆ ಹೋದ ಮೇಲೆ ನಮ್ಮ ಹಳೆಯ ಅಸೆಸ್‌ಮೆಂಟ್ ಹಾಳೆಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದವು ಅಂತ ಗೊತ್ತಾಯಿತು.

ಆಮೇಲೆ ಅಂಕ ಹಾಕುವ ಕೋಷ್ಟಕ ಬಂತು. ಸಾಧ್ಯತೆಗೆ 1ರಿಂದ 5, ತೀವ್ರತೆಗೆ 1ರಿಂದ 5, ಗುಣಿಸಿದರೆ ಹೆಚ್ಚೆಂದರೆ 25. ಇದಕ್ಕೇ ಒಂದು ಪೂರ್ತಿ ಮಧ್ಯಾಹ್ನ ಹೋಯಿತು. ನನ್ನ ಅನುಭವದಲ್ಲಿ ಅಷ್ಟು ಹೊತ್ತು ಬೇಕಿರಲಿಲ್ಲ. ಒಂದೇ ಕೆಲಸಕ್ಕೆ ನಾನು 15 ಹಾಕಿದರೆ ಪಕ್ಕದ ವಿಭಾಗದವರು 6 ಹಾಕುತ್ತಾರೆ. ಇನ್ನೂ ಕೆಟ್ಟದ್ದು ‘ಕ್ರಮದ ನಂತರ’ ಅನ್ನುವ ಕಾಲಂ. ‘ಗ್ಲೌಸ್ ಹಾಕಬೇಕು’ ಅಂತ ಒಂದು ಸಾಲು ಬರೆದು 15 ಇದ್ದದ್ದನ್ನು 4 ಮಾಡಿಬಿಡುವುದು ತುಂಬಾ ಸುಲಭ. ಹಾಳೆಯಲ್ಲಿ ಕೆಂಪು ಬಣ್ಣ ಹಸಿರಾಗುತ್ತದೆ, ಕೆಲಸದ ಜಾಗದಲ್ಲಿ ಒಂದು ಬೋಲ್ಟ್ ಕೂಡ ಬದಲಾಗಿರುವುದಿಲ್ಲ. ಈ ಮೋಸದ ಬಗ್ಗೆ ತರಬೇತಿಯಲ್ಲಿ ಗಟ್ಟಿಯಾಗಿ ಎಚ್ಚರಿಸಬೇಕಿತ್ತು.

ನನಗೆ ನಿಜವಾಗಿ ಬದಲಾವಣೆ ತಂದದ್ದು ಎರಡನೇ ದಿನದ ಪಾಠ. ಕೆಲಸದ ಜಾಗದ ಸುರಕ್ಷತೆಗೆ ಅಂತ 2018ರಲ್ಲಿ ಬಂದ ಅಂತರರಾಷ್ಟ್ರೀಯ ಐಎಸ್‌ಒ 45001 ಮಾನದಂಡದಲ್ಲಿರುವ ಕ್ರಮದ ಮೆಟ್ಟಿಲುಗಳು: ಸಾಧ್ಯವಾದರೆ ಹಜಾರ್ಡ್ ಅನ್ನೇ ತೆಗೆದುಹಾಕು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತಾ, ಆಮೇಲೆ ಯಂತ್ರಕ್ಕೆ ಕೈ ತಗಲದಂತೆ ತಡೆಯುವ ಗಾರ್ಡ್‌ನಂಥ ಎಂಜಿನಿಯರಿಂಗ್ ವ್ಯವಸ್ಥೆ, ಆಮೇಲೆ ನಿಯಮ ಮತ್ತು ತರಬೇತಿ, ಕೊನೆಗೆ ಹೆಲ್ಮೆಟ್ಟು ಗ್ಲೌಸು. ನಾವೆಲ್ಲ ಇಷ್ಟು ವರ್ಷ ಕೊನೆಯಿಂದ ಶುರು ಮಾಡುತ್ತಿದ್ದೆವು.

ನಮ್ಮಲ್ಲಿ ಕಾರ್ಟನ್‌ಗೆ ಪ್ಲಾಸ್ಟಿಕ್ ಫಿಲ್ಮ್ ಸುತ್ತುವ ಒಂದು ಯಂತ್ರ ಇದೆ. ಹಾಳೆಯಲ್ಲಿ ‘ಫಿಲ್ಮ್ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ ತೆಗೆಯಬೇಕು’ ಅಂತ ಬರೆದಿತ್ತು. ಅಂಕ 4, ಹಸಿರು. ತರಬೇತಿ ಮುಗಿಸಿ ಬಂದವನು ಹಾಳೆ ಪಕ್ಕಕ್ಕಿಟ್ಟು ಎರಡು ಗಂಟೆ ಸುಮ್ನೆ ಆ ಯಂತ್ರದ ಹತ್ತಿರ ನಿಂತೆ. ಐದು ಸಲ ಫಿಲ್ಮ್ ಸಿಕ್ಕಿಕೊಂಡಿತು. ನಾಲ್ಕು ಸಲ ಆಪರೇಟರ್ ಓಡುತ್ತಿರುವ ಯಂತ್ರಕ್ಕೇ ಕೈ ಹಾಕಿ ಎಳೆದರು. ಗಾರ್ಡ್‌ನ ಸ್ವಿಚ್ಚಿಗೆ (ಗಾರ್ಡ್ ತೆರೆದರೆ ಯಂತ್ರ ನಿಲ್ಲಿಸುವುದು ಅದೇ) ಟೇಪ್ ಸುತ್ತಿತ್ತು, ಟೇಪಿನ ಅಂಚು ಕಪ್ಪಾಗಿ ಗಟ್ಟಿಯಾಗಿತ್ತು. ಅಂದರೆ ಎಷ್ಟೋ ತಿಂಗಳಿಂದ ಅದು ಹಾಗೇ ಇತ್ತು. ಬೈಯದೆ ಕೇಳಿದೆ, ಯಾಕೆ ಅಂತ. ‘ನಿಲ್ಲಿಸಿದರೆ ಮತ್ತೆ ಬಿಸಿಯಾಗೋಕೆ ಹತ್ತು ನಿಮಿಷ ಬೇಕು ಸರ್, ಟಾರ್ಗೆಟ್ ಯಾರು ಮುಗಿಸ್ತಾರೆ?’ ಅಂದರು. ಟಾರ್ಗೆಟ್ ಕೊಟ್ಟವನು ನಾನೇ. ಮೆಂಟೆನೆನ್ಸ್‌ನವರನ್ನು ಕರೆಸಿದಾಗ ಒಂದು ರೋಲರ್ ಸವೆದಿದ್ದು ಗೊತ್ತಾಯಿತು. ಅದನ್ನು ಬದಲಾಯಿಸಿದ ಮೇಲೆ ಫಿಲ್ಮ್ ಸಿಕ್ಕಿಕೊಳ್ಳುವುದು ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ಟೇಪ್ ಕಿತ್ತು ಸ್ವಿಚ್ ಹೊಸದು ಹಾಕಿಸಿದೆವು, ಯಂತ್ರ ನಿಲ್ಲಿಸಿದ ಹತ್ತು ನಿಮಿಷವನ್ನು ಟಾರ್ಗೆಟ್‌ನಿಂದ ಕಳೆದೆವು. ಈ ಒಂದು ಕೆಲಸಕ್ಕೇ ಆ ಮೂರು ದಿನ ಸಾರ್ಥಕ ಅಂತ ನನಗೆ ಅನಿಸುತ್ತದೆ.

ಕೊರತೆಗಳೂ ಇವೆ. ಬೀಳುವುದು, ಕತ್ತರಿಸುವುದು, ಜಜ್ಜುವುದು ಇವೆಲ್ಲ ಚೆನ್ನಾಗಿ ಹೇಳಿಕೊಟ್ಟರು. ನಿಧಾನಕ್ಕೆ ದೇಹ ಕೆಡಿಸುವ ವಿಷಯಗಳಿಗೆ ಅರ್ಧ ಗಂಟೆಯೂ ಸಿಗಲಿಲ್ಲ. ಶಬ್ದವನ್ನೇ ತಗೊಳ್ಳಿ. ಎಂಟು ಗಂಟೆಯ ಪಾಳಿಗೆ 85 ಡೆಸಿಬಲ್ ಅನ್ನುವ ಮಿತಿ ಹೇಳಿದರು, ಆದರೆ ಮೂರು ಡೆಸಿಬಲ್ ಜಾಸ್ತಿಯಾದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ, ಆ ಲೆಕ್ಕದಲ್ಲಿ 88ಕ್ಕೆ ನಾಲ್ಕೇ ಗಂಟೆ ಅನ್ನುವುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಕೈಯಳತೆ ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾಗಿ ಬಂದರೆ ಅಳತೆ ಮಾಡಿಸಿ ಅಂತ ಒಂದು ವಾಕ್ಯ ಹೇಳಿದ್ದರೂ ಸಾಕಿತ್ತು. ಧೂಳು, ರಾಸಾಯನಿಕ, ಕೆಲಸದ ಒತ್ತಡ ಎಲ್ಲದರದ್ದೂ ಇದೇ ಕತೆ.

ಎರಡನೇ ವರ್ಷದ ರಿಫ್ರೆಶರ್ ಆನ್‌ಲೈನ್. ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತಿದರೆ ನಲವತ್ತು ನಿಮಿಷಕ್ಕೆ ಸರ್ಟಿಫಿಕೇಟ್. ಅದಕ್ಕೆ ನಾನು ಒಂದು ಸ್ಟಾರ್ ಕೂಡ ಕೊಡಲ್ಲ. ಮೂಲ ಕೋರ್ಸ್ ಮಾಡಿದ ಎಂಟು ಜನರಲ್ಲಿ ಈಗಲೂ ಯಂತ್ರದ ಹತ್ತಿರ ನಿಂತು ನೋಡುವವರು ಮೂವರೇ. ಉಳಿದವರು ಕೆಟ್ಟ ಮ್ಯಾನೇಜರ್‌ಗಳಲ್ಲ, ಅವರಿಗೆ ಅದಕ್ಕೆ ಸಮಯ ಕೊಟ್ಟಿಲ್ಲ. ತರಬೇತಿಗೆ ಕಳಿಸುವ ಸಂಸ್ಥೆ ವಾರಕ್ಕೆ ಎರಡು ಗಂಟೆಯನ್ನಾದರೂ ಇದಕ್ಕೆ ಅಂತ ಬಿಟ್ಟುಕೊಡಬೇಕು.

ನೀವು ಕೋರ್ಸ್ ಹುಡುಕುತ್ತಿದ್ದರೆ ಒಂದು ಪ್ರಶ್ನೆ ಕೇಳಿ: ತರಬೇತಿದಾರರು ನಮ್ಮ ಜಾಗಕ್ಕೆ ಬಂದು, ನಾವು ಮಾಡಿದ ಅಸೆಸ್‌ಮೆಂಟ್ ಅನ್ನು ಆ ಕೆಲಸದ ಎದುರೇ ಇಟ್ಟು ನೋಡುತ್ತಾರಾ? ಇಲ್ಲ ಅಂದರೆ ಬೇರೆ ಕಡೆ ನೋಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಈ ಸಲದ ತರಬೇತಿಗೆ ಸೂಪರ್‌ವೈಸರ್‌ಗಳ ಜೊತೆ ಆ ಪ್ಯಾಕಿಂಗ್ ಯಂತ್ರದ ಆಪರೇಟರ್ ಹೆಸರನ್ನೂ ಕೊಟ್ಟಿದ್ದೇನೆ. ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವ ದಾರಿಯಲ್ಲೇ ಜನ ನೀರು ಕುಡಿಯಲು ನಿಲ್ಲುತ್ತಾರೆ ಅಂತ ನನಗೆ ತೋರಿಸಿದ್ದು ಅವರೇ. ನೀರಿನ ಕ್ಯಾನ್ ಜಾಗ ಬದಲಾಯಿಸಲು ಹತ್ತು ನಿಮಿಷ ಸಾಕಾಯಿತು.