ಹಸಿರು ಎಲೆ ನೋಡಿ ಮಳೆ ಜಾಕೆಟ್ ಕೊಳ್ಳಬೇಡಿ

ಮಳೆಗಾಲ ಬಂದರೆ ಸಂಡೂರಿನ ಬೆಟ್ಟ ಹತ್ತುವವರು ಯಾರಾದರೂ ಈಗ ಜಾಕೆಟ್ ಹುಡುಕುತ್ತಿದ್ದರೆ ಒಂದು ನಿಮಿಷ ನಿಲ್ಲಿ. ನನಗಾದದ್ದು ನಿಮಗೆ ಆಗಬಾರದು.

ಎರಡು ವರ್ಷದ ಹಿಂದೆ ₹6,800 ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಜಾಕೆಟ್ ತರಿಸಿದೆ. ಕಂಪನಿ ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಆ ದುಡ್ಡಿಗೆ ನಮ್ಮ ಬಳ್ಳಾರಿಯಲ್ಲಿ ಏಳೆಂಟು ಜೀನ್ಸ್ ಬರುತ್ತವೆ. ಆದರೂ ಕೊಂಡೆ, ಯಾಕಂದ್ರೆ ಟ್ಯಾಗ್ ಮೇಲೆ ಹಸಿರು ಎಲೆ ಇತ್ತು, 100% ಮರುಬಳಕೆ ಅಂತಿತ್ತು, ಜೀವನಪೂರ್ತಿ ಬಾಳಿಕೆ ಅಂತಿತ್ತು, ಒಂದು ಜಾಕೆಟ್‌ಗೆ ಒಂದು ಗಿಡ ನೆಡುತ್ತೇವೆ ಅಂತಲೂ ಇತ್ತು. ಜೀನ್ಸ್ ತೊಳೆದ ನೀಲಿ ನೀರು ಚರಂಡಿಯಲ್ಲಿ ಹೋಗುವುದನ್ನು ನೋಡುತ್ತಾ ಬೆಳೆದವನು ನಾನು. ಬಟ್ಟೆಗೆ ಎಷ್ಟು ನೀರು ಹಾಳಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ದುಬಾರಿಯಾದರೂ ಪರವಾಗಿಲ್ಲ, ಕಾಳಜಿ ಇರುವವರ ಹತ್ತಿರ ಕೊಳ್ಳೋಣ ಅನ್ನಿಸಿತು.

ಹಾಕಿದ್ದು ಹೆಚ್ಚೆಂದರೆ ಹನ್ನೆರಡು ಸಲ. ಬೇಸಿಗೆಯಲ್ಲಿ ಮಡಚಿ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೆ. ಈ ಜೂನ್‌ನಲ್ಲಿ ತೆಗೆದರೆ ಹುಳಿ ವಾಸನೆ. ಬಿಚ್ಚುವಾಗ ಒಳಮೈ ಒಂದಕ್ಕೊಂದು ಅಂಟಿಕೊಂಡು ಚರಚರ ಅಂತು. ಅಂಗೈ ಆಡಿಸಿದರೆ ಬಿಳಿ ಹೊಟ್ಟು ಹೊಟ್ಟಾಗಿ ಉದುರಿತು, ಭುಜದ ಹೊಲಿಗೆ ಮೇಲಿನ ಟೇಪು ಬಾಳೆನಾರಿನ ಹಾಗೆ ಜೋತು ಬಿದ್ದಿತ್ತು. ಏನಾಗಲ್ಲ ಬಿಡು ಅಂತ ಅದನ್ನೇ ಹಾಕಿಕೊಂಡು ಕುಮಾರಸ್ವಾಮಿ ಬೆಟ್ಟದ ಕಡೆ ಹೋದೆ. ಅರ್ಧ ಗಂಟೆಯಲ್ಲಿ ಬನಿಯನ್ ತನಕ ನೆಂದೆ, ಎರಡು ದಿನ ಜ್ವರ.

ಕಂಪನಿಗೆ ಫೋಟೋ ಕಳಿಸಿದೆ. ಒಳಗಿರುವುದು ನೀರು ತಡೆಯುವ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಲೇಪ, ಬಿಸಿ ಮತ್ತು ತೇವಕ್ಕೆ ತಾನಾಗಿ ಒಡೆಯುತ್ತದೆ, ತಯಾರಿಕೆಯ ದೋಷ ಅಲ್ಲ, ನೀವು ಇಟ್ಟ ರೀತಿ ಸರಿಯಿಲ್ಲ ಅಂತ ಉತ್ತರ ಬಂತು. ಲೇಪ ಹಾಗೆ ಒಡೆಯುವುದು ನಿಜ. ಆದರೆ ಅದು ಗೊತ್ತಿದ್ದೂ ನಮ್ಮಂಥ ಬಿಸಿಲೂರಿಗೆ ಜೀವನಪೂರ್ತಿ ಬಾಳಿಕೆ ಅಂತ ಹೇಳಿ ಮಾರಿದ್ದು ಮೋಸ ಅಲ್ವಾ? ರಿಪೇರಿ ಮಾಡಿಕೊಡಿ ಅಂದರೆ ಆ ವ್ಯವಸ್ಥೆ ಇಲ್ಲವಂತೆ. ಬದಲಿಗೆ ಹೊಸ ಜಾಕೆಟ್ ಮೇಲೆ 15% ರಿಯಾಯಿತಿ ಕೂಪನ್ ಕಳಿಸಿದರು. ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಆ ಕೂಪನ್ ನೋಡಿಯೇ. ಭೂಮಿ ಉಳಿಸುತ್ತೇವೆ ಅನ್ನುವವರು ಹಳೆಯದನ್ನು ಬಿಸಾಕಿ ಇನ್ನೊಂದು ಕೊಳ್ಳಿ ಅನ್ನುತ್ತಾರೆ.

ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಪರಿಚಯದವರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಬಟ್ಟಿ ಗಟ್ಟಿ ಐತಣ್ಣ, ಒಳಗಿನ ಕೋಟಿಂಗ್ ಸತ್ತೈತಿ, ನಾವೇನೂ ಮಾಡಾಕ ಬರಲ್ಲ" ಅಂದರು. ಒಳಗಿನ ಚೀಟಿ ಓದಿದ್ದೂ ಅವರೇ. ಪಾಲಿಯೆಸ್ಟರ್‌ನಲ್ಲಿ ಮರುಬಳಕೆಯದ್ದು 30% ಮಾತ್ರ. ಹಾಗಾದರೆ 100% ಯಾವುದು? ಟ್ಯಾಗ್‌ನ ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿತ್ತು: ಪ್ಯಾಕಿಂಗ್.

ಆಮೇಲೆ ಕೂತು ಓದಿದೆ. ಇಂಥ ಜಾಕೆಟ್ ಮೇಲೆ ನೀರು ಮುತ್ತಿನ ಹಾಗೆ ಜಾರಲಿ ಅಂತ ಬಹಳ ವರ್ಷ ಪಿಎಫ್ಎಎಸ್ ಅನ್ನುವ ಫ್ಲೋರಿನ್ ರಾಸಾಯನಿಕಗಳನ್ನು ಬಳಸುತ್ತಾ ಬಂದಿದ್ದಾರೆ. ಮಣ್ಣಿಗೆ, ನೀರಿಗೆ ಸೇರಿದರೆ ಅವು ಸುಲಭಕ್ಕೆ ಒಡೆದು ನಾಶವಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಬಟ್ಟೆಗೆ ಅವನ್ನು ನಿಷೇಧಿಸಿದ್ದಾರೆ, ಜಡಿಮಳೆಯ ಗೇರ್‌ಗೆ ಮಾತ್ರ 2028ರ ತನಕ ಬಿಟ್ಟಿದ್ದಾರೆ. ನನ್ನ ಜಾಕೆಟ್‌ನಲ್ಲಿ ಅದು ಇದೆಯೋ ಇಲ್ಲವೋ ಅಂತ ಮೂರು ಮೇಲ್ ಹಾಕಿದೆ, ಒಂದಕ್ಕೂ ಉತ್ತರ ಇಲ್ಲ. ಪ್ರಾಮಾಣಿಕವಾಗಿ ಹೇಳುವವರೂ ಇದ್ದಾರೆ. ಅಮೆರಿಕದ ಪ್ಯಾಟಗೋನಿಯಾ ಅನ್ನುವ ಬಟ್ಟೆ ಕಂಪನಿ 2011ರಲ್ಲಿ ನಮ್ಮ ಈ ಜಾಕೆಟ್ ಕೊಳ್ಳಬೇಡಿ ಅಂತ ತಾನೇ ಪೇಪರ್‌ನಲ್ಲಿ ಜಾಹೀರಾತು ಕೊಟ್ಟು, ಅದನ್ನು ಮಾಡಲು 135 ಲೀಟರ್ ನೀರು ಬೇಕಾಯಿತು ಅಂತ ಲೆಕ್ಕ ಬರೆದಿತ್ತು. ಹಳೆಯದನ್ನು ಹೊಲಿದೂ ಕೊಡುತ್ತಾರೆ. ಆದರೆ ಪಿಎಫ್ಎಎಸ್ ಬಿಡಲು ಅವರಿಗೂ 2025 ಬೇಕಾಯಿತು, ಅದನ್ನೂ ಮರೆಯಬೇಡಿ.

ಹಾಗಾಗಿ ಕೊಳ್ಳುವ ಮುಂಚೆಯೇ ಮೇಲ್ ಹಾಕಿ ಕೇಳಿ: ಮರುಬಳಕೆ ಅಂದರೆ ಬಟ್ಟೆಯದೋ ಪ್ಯಾಕಿಂಗ್‌ನದೋ, ಲೇಪ ಯಾವುದು, ಹಾಳಾದರೆ ರಿಪೇರಿ ಎಲ್ಲಿ. ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ. ಇಂಥ ಮಾತು ಯಾವ ಭಾಗಕ್ಕೆ ಅನ್ವಯಿಸುತ್ತದೆ ಅಂತ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲೇ ಮಾರ್ಗಸೂಚಿ ತಂದಿದೆ. ಈಗಾಗಲೇ ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ನಾನೂ ಅಲ್ಲೇ ದೂರು ಕೊಟ್ಟಿದ್ದೇನೆ. ಟ್ಯಾಗ್, ಬಿಲ್ಲು ಬಿಸಾಕಬೇಡಿ, ಅವರು ಮೊದಲು ಕೇಳಿದ್ದೇ ಅದನ್ನು.

ಜಾಕೆಟ್ ಇನ್ನೂ ಮೊಳೆಗೆ ನೇತಾಡುತ್ತಿದೆ, ಕಸಕ್ಕೆ ಹಾಕಲು ಮನಸ್ಸಾಗುತ್ತಿಲ್ಲ. ಬಳ್ಳಾರಿ, ಹೊಸಪೇಟೆ, ಗಂಗಾವತಿ ಕಡೆ ಮತ್ತೆ ಕೋಟಿಂಗ್ ಹಾಕಿಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.