ಹಳೇ ಹಾರ್ಡ್ ಡಿಸ್ಕ್ ಹೊಸ ಕಂಪ್ಯೂಟರ್‌ಗೆ: ಯುಎಸ್‌ಬಿ ಡಾಕ್, ನೆಟ್‌ವರ್ಕ್, ಇಲ್ಲಾ ನೇರ ಸಾಟಾ ಕೇಬಲ್ಲಾ?

ಮೊದಲೇ ಹೇಳ್ಬಿಡ್ತೀನಿ, ಡೆಸ್ಕ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಡಿಸ್ಕ್ ಹೋಗ್ಬೇಕು ಅಂದ್ರೆ ಕೇಸ್ ಬಿಚ್ಚಿ ಮದರ್‌ಬೋರ್ಡ್‌ನ ಸಾಟಾ ಪೋರ್ಟ್‌ಗೆ (ಒಳಗಿನ ಡಿಸ್ಕ್‌ಗಳ ಕೇಬಲ್ ಹಾಕೋ ಜಾಗ) ನೇರವಾಗಿ ಹಾಕೋದೇ ಸರಿ. ಡಾಕ್ (ಡಿಸ್ಕ್ ನಿಲ್ಲಿಸಿ ಯುಎಸ್‌ಬಿಯಿಂದ ಜೋಡಿಸೋ ಪೆಟ್ಟಿಗೆ) ಕೊಂಡು, ನೆಟ್‌ವರ್ಕ್‌ನಲ್ಲಿ ಕಾಪಿ ಮಾಡಿ, ಆಮೇಲೆ ನೇರ ಹಾಕಿ, ಮೂರನ್ನೂ ನೋಡಿದ್ಮೇಲೇ ಹೇಳ್ತಿರೋದು.

ನನ್ನದು 4 ಟಿಬಿ, 3.5 ಇಂಚಿನ ಡಿಸ್ಕ್, ಮನೆಯವರ ಫೋಟೋ ವಿಡಿಯೋ ಎಲ್ಲಾ ಅದರಲ್ಲೇ ಇರೋದು. ಹೊಸ ಮಷೀನ್‌ನ ಕೇಸ್ ಬಿಚ್ಚೋದು ಬೇಡ, ಮುಂದೆ ಬೇರೆ ಡಿಸ್ಕ್‌ಗೂ ಉಪಯೋಗ ಆಗುತ್ತೆ ಅಂತ ಒಂದು ಯುಎಸ್‌ಬಿ ಡಾಕ್ ತರಿಸಿದೆ. ಡಿಸ್ಕ್ ನಿಲ್ಲಿಸಿ ಸ್ವಿಚ್ ಹಾಕಿದ್ರೆ ತಿರುಗೋ ಸದ್ದು ಬರ್ತಿದೆ, ವಿಂಡೋಸ್‌ಗೆ ಡಿಸ್ಕ್ ಸಿಕ್ಕಿದೆ, ಸೈಜ್ ಕೂಡ ಸರಿಯಾಗೇ ತೋರಿಸ್ತಿದೆ, ಆದ್ರೆ ಒಂದೇ ಒಂದು ಡ್ರೈವ್ ಲೆಟರ್ ಬರ್ಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದ್ರೆ ಇಡೀ ಡಿಸ್ಕ್ ಮೇಲೆ 'ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್' ಅಂತ ಬರೆದಿದೆ (ಪಾರ್ಟಿಷನ್ ಅಂದ್ರೆ ಡಿಸ್ಕ್‌ನ ಒಂದು ಭಾಗ, ಜಿಪಿಟಿ ಅಂದ್ರೆ ಆ ಭಾಗಗಳ ಪಟ್ಟಿ ಇಡೋ ಪದ್ಧತಿ), ರೈಟ್ ಕ್ಲಿಕ್ ಮಾಡಿದ್ರೆ ಎಲ್ಲಾ ಆಪ್ಷನ್ನೂ ಮಂಕು. ಹಿಂದಿನ ದಿನದವರೆಗೂ ಹಳೇ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಓಡ್ತಿದ್ದ ಡಿಸ್ಕ್ ಅದು, ಎದೆ ಧಸಕ್ ಅಂತು.

ಡಿಸ್ಕ್‌ಗೆ ಏನೂ ಆಗಿರ್ಲಿಲ್ಲ, ತೊಂದರೆ ಇದ್ದಿದ್ದು ಡಾಕ್ ಒಳಗಿನ ಚಿಪ್‌ನಲ್ಲಿ. ಕಂಪ್ಯೂಟರ್ ಡಿಸ್ಕನ್ನ ಓದೋದು ಸೆಕ್ಟರ್ ಅನ್ನೋ ಸಣ್ಣ ಸಣ್ಣ ತುಂಡುಗಳ ಲೆಕ್ಕದಲ್ಲಿ. ನನ್ನ ಡಿಸ್ಕ್ ಮದರ್‌ಬೋರ್ಡ್‌ಗೆ ನೇರ ಹಾಕಿದಾಗ ಒಂದು ಸೆಕ್ಟರ್‌ಗೆ 512 ಬೈಟ್ ಅಂತ ಹೇಳುತ್ತೆ. ಈ ಡಾಕ್ ಮಧ್ಯೆ ಕೂತ್ಕೊಂಡು ಒಂದು ಸೆಕ್ಟರ್‌ಗೆ 4096 ಬೈಟ್ ಅಂತ ವಿಂಡೋಸ್‌ಗೆ ಹೇಳ್ತಿತ್ತು. ಬೀದಿಯ ಎಂಟೆಂಟು ಮನೆಗೆ ಒಂದೊಂದೇ ನಂಬರ್ ಕೊಟ್ಟುಬಿಟ್ರೆ ಹಳೇ ವಿಳಾಸ ಹಿಡ್ಕೊಂಡು ಬಂದ ಪೋಸ್ಟ್‌ಮ್ಯಾನ್ ಎಲ್ಲಿಗೆ ಹೋಗ್ಬೇಕು ಹೇಳಿ. ಪಾರ್ಟಿಷನ್ ಎಲ್ಲೆಲ್ಲಿದೆ ಅಂತ ಹೇಳೋ ಜಿಪಿಟಿ ಹೆಡರ್ 1ನೇ ಸೆಕ್ಟರ್‌ನಲ್ಲಿರುತ್ತೆ, ಎಣಿಕೆ 0ಯಿಂದ ಶುರು. 512ರ ಲೆಕ್ಕದಲ್ಲಿ ಅದು 512ನೇ ಬೈಟ್‌ನಲ್ಲಿ ಸಿಗ್ಬೇಕು, 4096ರ ಲೆಕ್ಕದಲ್ಲಿ ವಿಂಡೋಸ್ 4096ನೇ ಬೈಟ್‌ಗೆ ಹೋಗಿ ಹುಡುಕುತ್ತೆ, ಅಲ್ಲಿ ಹೆಡರ್ ಇರಲ್ಲ. ಅಷ್ಟಕ್ಕೇ ತುಂಬಿದ ಡಿಸ್ಕ್ ಖಾಲಿ ಥರ ಕಾಣ್ಸೋದು.

ಡಾಕ್ ಮಾಡೋರು ಹೀಗ್ಯಾಕೆ ಮಾಡ್ತಾರೆ ಅಂದ್ರೆ ಜಿಪಿಟಿಗಿಂತ ಹಳೇ ಎಂಬಿಆರ್ ಪದ್ಧತಿಯಲ್ಲಿ 512 ಬೈಟ್ ಲೆಕ್ಕಕ್ಕೆ 2 ಟಿಬಿ ದಾಟೋಕಾಗಲ್ಲ, ಅದೇ ಸೆಕ್ಟರ್ 4096 ಬೈಟ್ ಆದ್ರೆ 16 ಟಿಬಿವರೆಗೂ ಹೋಗ್ಬಹುದು, ವಿಂಡೋಸ್ ಎಕ್ಸ್‌ಪಿ ಕಾಲದ ಮಷೀನ್‌ಗಳಲ್ಲೂ ದೊಡ್ಡ ಡಿಸ್ಕ್ ನಡೀಲಿ ಅಂತ ಮಾಡ್ಕೊಂಡ ಉಪಾಯ ಇದು. ಆದ್ರೆ ಬಾಕ್ಸ್ ಮೇಲೆ ಒಂದು ಸಾಲು ಬರೀಬೇಕಿತ್ತಲ್ವಾ? ಯಾರಿಗಾದ್ರೂ ಹೀಗಾದ್ರೆ ದಯವಿಟ್ಟು ಫಾರ್ಮ್ಯಾಟ್ ಅಥವಾ ಇನಿಶಿಯಲೈಸ್ ಒತ್ತಬೇಡಿ. ಸಿಸ್ಟಮ್ ಇನ್ಫರ್ಮೇಶನ್ ತೆಗೆದು ಸ್ಟೋರೇಜ್, ಅದರೊಳಗೆ ಡಿಸ್ಕ್ಸ್ ಅಂತ ಹೋದ್ರೆ ಬೈಟ್ಸ್/ಸೆಕ್ಟರ್ ಅಂತ ಒಂದು ಸಾಲಿರುತ್ತೆ, ಹಳೇ ಮಷೀನ್‌ನಲ್ಲಿ 512 ಇದ್ದಿದ್ದು ಇಲ್ಲಿ 4096 ಅಂತ ತೋರಿಸ್ತಿದ್ರೆ ಇದೇ ಕಥೆ, ಡೇಟಾ ಅಲ್ಲೇ ಇದೆ.

ನೆಟ್‌ವರ್ಕ್ ಕಾಪಿ. ಹಳೇ ಕಂಪ್ಯೂಟರ್ ಇನ್ನೂ ಜೀವಂತ ಇದ್ರೆ ಮಾತ್ರ ಆಗೋದು, ಜೊತೆಗೆ ಹೊಸದರಲ್ಲಿ ಅಷ್ಟೇ ಜಾಗ ಖಾಲಿ ಇರ್ಬೇಕು. ಗಿಗಾಬಿಟ್ ಕೇಬಲ್‌ನಲ್ಲಿ ಹೆಚ್ಚು ಅಂದ್ರೆ ಸೆಕೆಂಡಿಗೆ 110 ಎಂಬಿ ಆಸುಪಾಸು, 3 ಟಿಬಿಗೆ ಏಳೂವರೆ ಗಂಟೆ, ಸಣ್ಣ ಸಣ್ಣ ಫೋಟೋ ಜಾಸ್ತಿ ಇದ್ರೆ ಇನ್ನೂ ನಿಧಾನ. ವೈಫೈಯಲ್ಲಿ ಇಷ್ಟು ದೊಡ್ಡ ಕೆಲಸಕ್ಕೆ ಹೋಗ್ಬೇಡಿ. ಒಂದು ಒಳ್ಳೇದೇನಂದ್ರೆ ಮೂಲ ಡಿಸ್ಕನ್ನ ಬಿಚ್ಚಿ ಮುಟ್ಟೋ ಅಗತ್ಯವೇ ಇಲ್ಲ.

ಇನ್ನು ನೇರ ಸಾಟಾ. ಪವರ್ ಆಫ್ ಮಾಡಿ ವಯರ್ ಕಿತ್ತು, ಸೈಡ್ ಪ್ಯಾನೆಲ್ ತೆಗೆದು, ನಾಲ್ಕು ಸ್ಕ್ರೂ, ಎರಡು ಕೇಬಲ್, ಅಷ್ಟೇ. ಬೂಟ್ ಆದ ತಕ್ಷಣ ಎಲ್ಲಾ ಫೋಲ್ಡರ್ ಇದ್ದಲ್ಲೇ ಇದ್ವು, ಕಾಪಿ ಮಾಡೋ ಗೋಜೇ ಇಲ್ಲ. ಹಳೇ ಯೂಸರ್ ಫೋಲ್ಡರ್ ತೆರೆಯೋಕೆ ಪರ್ಮಿಶನ್ ಕೇಳ್ತು, ಕಂಟಿನ್ಯೂ ಒತ್ತಿದ್ಮೇಲೆ ಸ್ವಲ್ಪ ಹೊತ್ತು ತಗೊಂಡು ತೆರೀತು.

ಆದ್ರೆ ಇದರಲ್ಲೂ ಎರಡು ವಿಷಯ ಗಮನ ಇರ್ಲಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್‌ಗೆ (ಬೋರ್ಡ್ ಮೇಲೇ ಚಪ್ಪಟೆ ಎಸ್‌ಎಸ್‌ಡಿ ಕೂರಿಸೋ ಜಾಗ) ಎಸ್‌ಎಸ್‌ಡಿ ಹಾಕಿದ್ರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತೆ, ಡಿಸ್ಕ್ ಕಾಣದಿದ್ರೆ ಮೊದಲು ಪೋರ್ಟ್ ಬದಲಾಯಿಸಿ ನೋಡಿ. ಎರಡನೇದು ತುಂಬಾ ಮುಖ್ಯ: ಪವರ್ ಸಪ್ಲೈ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೋ ಥರದ್ದು) ಆಗಿದ್ರೆ ಹಳೇ ಪವರ್ ಸಪ್ಲೈನ ಕೇಬಲ್ ತಂದು ಹೊಸದಕ್ಕೆ ಚುಚ್ಚಲೇಬೇಡಿ. ಡಿಸ್ಕ್ ಕಡೆ ತುದಿ ಎಲ್ಲದ್ರಲ್ಲೂ ಒಂದೇ, ಸಪ್ಲೈ ಕಡೆ ಪಿನ್ ಜೋಡಣೆ ಕಂಪನಿಗೊಂದು ಥರ, ಪ್ಲಗ್ ಸರಿಯಾಗಿ ಕೂತ್ರೂ 5 ವೋಲ್ಟ್ ಹೋಗ್ಬೇಕಾದಲ್ಲಿ 12 ವೋಲ್ಟ್ ಹೋದ್ರೆ ಡಿಸ್ಕ್ ಸುಟ್ಟೇ ಹೋಗುತ್ತೆ.

ಹಳೇ ಡಿಸ್ಕ್‌ನಲ್ಲಿರೋ ವಿಂಡೋಸನ್ನೇ ಹೊಸ ಮಷೀನ್‌ನಲ್ಲಿ ಬೂಟ್ ಮಾಡೋಣ ಅನ್ನೋರೂ ಇದ್ದಾರೆ, ನಂಗೆ ಹೊಸದಾಗಿ ಇನ್‌ಸ್ಟಾಲ್ ಮಾಡೋದೇ ಇಷ್ಟ. ಮಷೀನ್ ಜೊತೆ ಬಂದ ಓಇಎಂ ಲೈಸೆನ್ಸ್ ಹಳೇ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತೆ ಬೇರೆ.

ನಾನು ಒಂದ್ಸಲ ಡಿಸ್ಕ್ ಹಾಕಿದ್ರೆ ವರ್ಷಗಟ್ಟಲೆ ತೆಗೆಯೋನಲ್ಲ, ಮೇಜಿನ ಮೇಲೆ ಇನ್ನೊಂದು ಅಡಾಪ್ಟರ್, ಇನ್ನೊಂದು ವಯರ್ ಇರೋದು ಹಿಡಿಸಲ್ಲ, ಸಾಟಾ ಕೇಬಲ್ಲೋ ಮದರ್‌ಬೋರ್ಡ್ ಬಾಕ್ಸ್‌ನಲ್ಲೇ ಬಂದಿತ್ತು. ಹಾಗಾಗಿ ನನಗೆ ನೇರ ಸಾಟಾನೇ. ಲ್ಯಾಪ್‌ಟಾಪ್ ಇರೋರಿಗೆ 3.5 ಇಂಚಿನ ಡಿಸ್ಕ್ ಒಳಗೆ ಹಾಕೋಕೆ ಆಗಲ್ಲ, ಡಾಕ್ ಬೇಕೇ ಬೇಕು. ಆ ಡಿಸ್ಕ್‌ಗೆ 12 ವೋಲ್ಟ್ ಬೇಕಾಗಿರೋದ್ರಿಂದ ಬೇರೆ ಪವರ್ ಅಡಾಪ್ಟರ್ ಇರೋದನ್ನೇ ತಗೊಳ್ಳಿ, ಹಳೇ ಕಂಪ್ಯೂಟರ್ ಮಾರೋಕೆ ಮುಂಚೆ ಡಿಸ್ಕ್ ಡಾಕ್‌ನಲ್ಲಿ ಹಾಕಿ ಫೋಲ್ಡರ್‌ಗಳು ಕಾಣ್ಸುತ್ತಾ ನೋಡ್ಕೊಳ್ಳಿ, ಕಾಣದಿದ್ರೆ ವಾಪಸ್ ಕೊಟ್ಟು ಬೇರೆ ತಗೊಳ್ಳಿ.